ಕುಂಬಳೆ ಹತ್ರ ಕ್ವಾರ್ಟರ್ಸ್ ಖಾಲಿ ಬಿದ್ದುಂಟು, ಪ್ರಾಯದ ಮಕ್ಕಳು ಬಾಡಿಗೆಗೆ ಬರ್ಲಿಕ್ಕೆ ಎಂತ ಮಾಡುದು?

ನಾಯ್ಕಾಪು_ಅಡಿಕೆ

ಎಲ್ರಿಗೂ ನಮಸ್ಕಾರ. ಇಲ್ಲಿ ಓದುದೇ ಹೆಚ್ಚು, ಬರ್ದದ್ದು ಕಡಿಮೆ, ತಪ್ಪಿದ್ರೆ ಸುಧಾರಿಸ್ಕೊಳ್ಳಿ.

ಕಾಸರಗೋಡಿನ ಕುಂಬಳೆ ಪೇಟೆಯಿಂದ ಬದಿಯಡ್ಕ ರೋಡಿನಲ್ಲಿ ಬಂದು ಸ್ವಲ್ಪ ಒಳಗೆ ನಂದೊಂದು ಲೈನ್ ಕ್ವಾರ್ಟರ್ಸ್ ಉಂಟು, 6 ಮನೆ. ಎದುರು ಚಿಕ್ಕ ಜಗಲಿ, ಒಂದು ರೂಮು, ಒಂದು ಅಡಿಗೆ ಕೋಣೆ. ಬಾತ್‌ರೂಮ್ ಪ್ರತಿ ಮನೆಗೂ ಬೇರೆ ಬೇರೆ ಉಂಟು, ಆದ್ರೆ ಹಿಂದಿನ ಬಾಗಿಲು ತೆಗ್ದು ನಾಲ್ಕು ಹೆಜ್ಜೆ ಹೊರಗೆ ಹೋಗ್ಬೇಕು. ಕೆಂಪು ಕಲ್ಲಿನ ಗೋಡೆ, ಮೇಲೆ ಟೆರೇಸ್. 2013ರಲ್ಲಿ ಕಟ್ಟಿದ್ದು. ಬಾವಿಯಲ್ಲಿ ಮೇ ತಿಂಗಳಲ್ಲಿ ಸಹ ನೀರುಂಟು, ಅದೊಂದು ಹೆಮ್ಮೆ ನಂಗೆ.

ಹೈವೇ ಆರು ಲೇನ್ ಮಾಡುವ ಕೆಲಸ ನಡೀತಿದ್ದಾಗ ಬಿಹಾರ, ಬಂಗಾಲದ ಕೆಲಸದವರು ಫುಲ್ ಇದ್ರು. ಒಂದು ಮನೆಗೆ ಆರು ಜನ, ತಲೆಗೆ ಸಾವಿರ, ತಿಂಗಳ ಐದನೇ ತಾರೀಕಿಗೆ ಮೇಸ್ತ್ರಿಯೇ ತಂದು ಕೈಗೆ ಕೊಡ್ತಿದ್ದ, ನಾನು ಆ ಕಡೆ ಹೋಗಿ ನೋಡ್ಲಿಕ್ಕೂ ಇರ್ಲಿಲ್ಲ. ತಲಪಾಡಿಯಿಂದ ಚೆಂಗಳ ವರೆಗಿನ ಕೆಲಸ ಮುಗೀತಾ ಬಂದ ಹಾಗೆ ಒಬ್ಬೊಬ್ರೇ ಗಂಟು ಕಟ್ಟಿದ್ರು. ಈಗ ಆರರಲ್ಲಿ ನಾಲ್ಕು ಖಾಲಿ, ಐದು ತಿಂಗಳಾಯ್ತು. 4,500 ಹೇಳ್ತಿದ್ದೆ, ಕಡೆಗೆ 3,800ಕ್ಕೆ ಇಳಿಸಿದೆ, ಎಂತ ವ್ಯತ್ಯಾಸ ಆಗ್ಲಿಲ್ಲ. ಫ್ಯಾಮಿಲಿಯವ್ರು ಬಂದ್ರೆ ಎರಡು ಬೆಡ್‌ರೂಮ್ ಕೇಳ್ತಾರೆ, ನಂದ್ರಲ್ಲಿ ಇಲ್ಲ. ಹಾಗಾಗಿ ಒಬ್ರೇ ಇರುವ, ಇಬ್ರು ಇರುವ ಪ್ರಾಯದ ಮಕ್ಕಳೇ ಆಗ್ಬೇಕು ಅಂತ ಈಗ ಗೊತ್ತಾಗಿದೆ. ಅವ್ರು ಬರ್ತಾರೆ ಸಹ. ಬರ್ತಾರೆ, ನೋಡ್ತಾರೆ, ಫೋನ್‌ನಲ್ಲಿ ಎರಡು ಫೋಟೋ ತೆಗೀತಾರೆ, "ಅಂಕಲ್ ನಾಳೆ ಹೇಳ್ತೇವೆ" ಅಂತ ಹೋಗ್ತಾರೆ. ಆ ನಾಳೆ ಇದುವರೆಗೆ ಬಂದದ್ದಿಲ್ಲ.

ಇಷ್ಟು ಕಡಿಮೆ ಬಾಡಿಗೆ ಮಂಗಳೂರಲ್ಲಿ ಎಲ್ಲಿ ಸಿಗ್ತದೆ ಮಾರಾಯ್ರೆ? ರೈಲ್ವೆ ಸ್ಟೇಷನ್ ಹತ್ರ ಉಂಟು. ಇನ್ನೂ ಇಳಿಸ್ಬೇಕಾ, ಅಲ್ಲ ಪೇಂಟ್ ಹೊಡೆಸ್ಬೇಕಾ, ಎಸಿ ಹಾಕಿಸ್ಬೇಕಾ? ಮನೆಯವಳು ಬೇರೆ ಬ್ಯಾಚುಲರ್ಸ್ ಬೇಡ್ವೇ ಬೇಡ ಅಂತ. ಯಾರಾದ್ರೂ ಅನುಭವ ಇದ್ದವ್ರು ಹೇಳಿ. ಸಾಲದ ಕಂತು ಹೇಗೂ ನಿಲ್ಲುದಿಲ್ಲ.

ಪೆರ್ಲ_ನೈಟ್‌ಶಿಫ್ಟ್

ಅಣ್ಣ, ಬಯ್ಯುದಲ್ಲ, ಆದ್ರೆ ನೀವು ಹೇಳಿದ "ನಾಳೆ ಹೇಳ್ತೇವೆ" ಪಾರ್ಟಿಯಲ್ಲಿ ನಾನೂ ಒಬ್ಳು. ನಿಮ್ಮ ಕ್ವಾರ್ಟರ್ಸ್ ಅಲ್ಲ, ಅದೇ ತರದ್ದು. ನಾನು ಮಂಗಳೂರಲ್ಲಿ ಸ್ಟಾಫ್ ನರ್ಸ್, ಮನೆ ಪೆರ್ಲದ ಒಳಗೆ, ಡ್ಯೂಟಿ ಮುಗಿಸಿ ರಾತ್ರಿ ಕುಂಬಳೆಯಲ್ಲಿ ಇಳಿದ್ರೆ ಪೆರ್ಲಕ್ಕೆ ಬಸ್ಸಿಲ್ಲ, ಮಂಗಳೂರಲ್ಲಿ ಪಿಜಿ ಹಿಡಿದ್ರೆ ಸಂಬಳದ ಮೂರ್ನೇ ಒಂದು ಭಾಗ ಅಲ್ಲೇ ಹೋಗ್ತದೆ. ಹಾಗಾಗಿ ಕುಂಬಳೆ, ಉಪ್ಪಳ, ಮಂಜೇಶ್ವರ ಈ ಕಡೆ ರೂಮ್ ನೋಡ್ತಾ ಇದ್ದೆ ನಾನು ಮತ್ತೆ ನನ್ನ ಫ್ರೆಂಡ್. ಹನ್ನೊಂದು ನೋಡಿದ್ದೇವೆ ಲೆಕ್ಕ ಇಟ್ಟು.

ಒಂದೂ ಬಾಡಿಗೆ ಜಾಸ್ತಿ ಅಂತ ಬಿಟ್ಟದ್ದಲ್ಲ. ಒಂದ್ರಲ್ಲಿ ಬಾತ್‌ರೂಮ್ ಹೊರಗೆ, ಬಾಗಿಲಿನ ಚಿಲಕ ಅಂದ್ರೆ ಒಂದು ಮೊಳೆಗೆ ಸುತ್ತಿದ ಪ್ಲಾಸ್ಟಿಕ್ ಹಗ್ಗ. ಒಂದ್ರಲ್ಲಿ ಪ್ಲಗ್ ಪಾಯಿಂಟ್ ಇದ್ದದ್ದೇ ಒಂದು, ಅದು ಬಾಗಿಲಿನ ಮೇಲೆ ಕೈಗೆ ಎಟುಕದ ಜಾಗದಲ್ಲಿ, ಫೋನ್ ಚಾರ್ಜ್ ಮಾಡ್ಬೇಕಾದ್ರೆ ಸ್ಟೂಲ್ ಹತ್ತಬೇಕು. ಇನ್ನೊಂದು ಕಡೆ ರೂಮ್ ಚೆಂದ ಇತ್ತು, ಆದ್ರೆ ಓನರ್ ಅಮ್ಮ ಮೊದ್ಲ ಮಾತಿಗೇ "ಎಂಟು ಗಂಟೆಗೆ ಗೇಟ್ ಹಾಕ್ತೇವೆ" ಅಂದ್ರು. ನನ್ನ ಈವ್ನಿಂಗ್ ಡ್ಯೂಟಿ ಮುಗಿಯುದೇ ಎಂಟಕ್ಕೆ. ಮತ್ತೆ ಕೇಳಿದ್ರು ಯಾವ ಜನ, ಅಣ್ಣ ಎಂತ ಮಾಡ್ತಾನೆ, ಮದುವೆ ಫಿಕ್ಸ್ ಆಗಿದಾ. ರೂಮ್ ನೋಡ್ಲಿಕ್ಕೆ ಹೋದದ್ದಾ ಹೆಣ್ಣು ನೋಡುವ ಶಾಸ್ತ್ರಕ್ಕೆ ಹೋದದ್ದಾ ನಂಗೇ ಡೌಟ್ ಬಂತು.

ನಿಮ್ಮದ್ರಲ್ಲಿ ಎಲ್ಲ ಸರಿ ಇದ್ರೂ ಆ "ನಾಲ್ಕು ಹೆಜ್ಜೆ ಹೊರಗೆ" ಒಂದಕ್ಕೇ ಹುಡುಗಿಯರು ವಾಪಸ್ ಹೋಗ್ತಾರೆ. ಜುಲೈ ತಿಂಗಳಲ್ಲಿ ರಾತ್ರಿ ಎರಡು ಗಂಟೆಗೆ ಮಳೆ ಬೀಸಿ ಹೊಡೀತಿರುವಾಗ ಕೊಡೆ ಹಿಡ್ಕೊಂಡು ಆ ನಾಲ್ಕು ಹೆಜ್ಜೆ ಒಂದು ಸಲ ನೀವು ನಡೆದು ನೋಡಿ. ಕೆಲಸದವ್ರು ಕೇಳ್ಲಿಲ್ಲ ಅಂತ ಅವ್ರಿಗೆ ಬೇಡ ಇತ್ತು ಅಂತಲ್ಲ ಅಣ್ಣ, ಅವ್ರಿಗೆ ಕೇಳುವ ಧೈರ್ಯ ಇರ್ಲಿಲ್ಲ, ಬಾಡಿಗೆ ಸಹ ಅವ್ರು ಮೇಸ್ತ್ರಿ ಕೈಯಲ್ಲಿ ಕೊಟ್ಟದ್ದು.

ಮತ್ತೆ ಬಟ್ಟೆ. ಇದು ಗಂಡಸ್ರಿಗೆ ತಲೆಗೆ ಹೋಗುದೇ ಇಲ್ಲ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳ್ತದೆ, ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಯೂನಿಫಾರ್ಮ್ ಎಲ್ಲಿ ಒಣಗಿಸುದು? ರೂಮಿನೊಳಗೆ ಹಗ್ಗ ಕಟ್ಟಿದ್ರೆ ಗೋಡೆಗೆ ಬೂಷ್ಟು ಹಿಡೀತದೆ, ಆಮೇಲೆ ಓನರ್ ಬಂದು ಗೋಡೆ ಹಾಳು ಮಾಡಿದ್ರಿ ಅಂತ ಅಡ್ವಾನ್ಸ್ ಹಿಡ್ಕೊಳ್ತಾರೆ. ಟೆರೇಸ್ ಮೇಲೆ ಒಂದು ಮೂಲೆಗೆ ಶೀಟ್ ಹೊದೆಸಿ ಆರು ಸರಿಗೆ ಎಳೆದು ಕೊಡಿ, ಎಸಿ ಎಲ್ಲ ಯಾರಿಗೂ ಬೇಡ.

ನಾವು ಕಡೆಗೆ ಉಪ್ಪಳದಲ್ಲಿ ಹಿಡಿದೆವು, 5,500. ಅಂದ್ರೆ ನಿಮ್ಮದಕ್ಕಿಂತ 1,700 ಜಾಸ್ತಿ ಕೊಟ್ಟು ಹಳೇ ಹೆಂಚಿನ ಮನೆಯ ಒಂದು ಭಾಗ. ಯಾಕೆ? ಬಾತ್‌ರೂಮ್ ಒಳಗೆ, ಗೇಟಿನ ಕೀ ನಮ್ಮ ಕೈಯಲ್ಲಿ, ರೋಡಿನಿಂದ ಮನೆ ವರೆಗೆ ಲೈಟ್ ಉಂಟು.

ವಿದ್ಯಾನಗರ_ಮೂರು_ಮನೆ

ಮೇಲಿನ ತಂಗಿ ಹೇಳಿದ್ದು ಸರಿ, ನಾನು ಓನರ್ ಸೈಡಿಂದ ಹೇಳ್ತೇನೆ. ನಂದು ಮೂರೇ ಮನೆ. ಸೆಂಟ್ರಲ್ ಯೂನಿವರ್ಸಿಟಿ 2009ರಲ್ಲಿ ಶುರು ಆದಾಗ ನಮ್ಮ ವಿದ್ಯಾನಗರದಲ್ಲೇ ಬಾಡಿಗೆ ಬಿಲ್ಡಿಂಗಲ್ಲಿ ಇದ್ದದ್ದು, ಆಗ ಮಕ್ಕಳು ಬಂದು ಕ್ಯೂ ನಿಲ್ತಿದ್ರು. ಮತ್ತೆ ಅದು ಪೆರಿಯಕ್ಕೆ ಹೋಯ್ತು, ಹಿಂದೆಯೇ ನಮ್ಮ ಬಾಡಿಗೆದಾರ್ರೂ ಹೋದ್ರು, ನಿಮಗೆ ಈಗ ಆದ ಹಾಗೆಯೇ ನಂಗೆ ಆಗ ಆದದ್ದು. ಒಂದೇ ಕಡೆಯ ಗಿರಾಕಿಯನ್ನು ನಂಬಿ ಕೂತ್ರೆ ಹೀಗೇ.

ಆಮೇಲೆ ನಾನು ಹಿಡಿದದ್ದು ಪಿಎಸ್‌ಸಿ ಮಕ್ಕಳನ್ನು, ಅಂದ್ರೆ ಕೇರಳ ಸರಕಾರಿ ಕೆಲಸದ ಪರೀಕ್ಷೆ ಬರೆದು ಬರುವವ್ರನ್ನು. ಇದು ನಮ್ಮ ಜಿಲ್ಲೆಯ ವಿಶೇಷ, ಬೇರೆ ಕಡೆ ಇಷ್ಟಿಲ್ಲ. ತಿರುವನಂತಪುರ, ಕೊಲ್ಲಂ ಕಡೆಯ ಮಕ್ಕಳು ಕಾಸರಗೋಡು ಲಿಸ್ಟಲ್ಲಿ ಬರೆದು ಪಾಸಾಗಿ ಇಲ್ಲಿ ಕ್ಲರ್ಕ್ ಆಗಿ, ವಿಲೇಜ್ ಆಫೀಸಲ್ಲಿ, ಪಂಚಾಯತಲ್ಲಿ ಸೇರ್ತಾರೆ. ಪ್ರಾಯ ಇಪ್ಪತ್ತೈದು ಇಪ್ಪತ್ತೆಂಟು. ಶನಿವಾರ ಸಂಜೆ ಮಾವೇಲಿ ರೈಲು ಹತ್ತಿ ಊರಿಗೆ, ಸೋಮವಾರ ಬೆಳಿಗ್ಗೆ ಇಳಿದು ಸೀದಾ ಆಫೀಸಿಗೆ. ಮನೆಯಲ್ಲಿ ಇರುದೇ ವಾರಕ್ಕೆ ಐದು ರಾತ್ರಿ. ಸಂಬಳ ಸರಕಾರದ್ದು, ಬಾಡಿಗೆ ತಪ್ಪುದಿಲ್ಲ. ಎರಡ್ಮೂರು ವರ್ಷದಲ್ಲಿ ಟ್ರಾನ್ಸ್‌ಫರ್ ತೆಗೊಂಡು ಹೋಗ್ತಾರೆ, ಹೋಗುವಾಗ ತಮ್ಮ ಜಾಗಕ್ಕೆ ಬಂದವನಿಗೆ ನಮ್ಮ ನಂಬರ್ ಕೊಟ್ಟೇ ಹೋಗ್ತಾರೆ. ಬ್ರೋಕರಿಗೆ ಒಂದು ರೂಪಾಯಿ ಕೊಡದೆ ಎಷ್ಟೋ ವರ್ಷ ಆಯ್ತು ನಾನು. ನಿಮ್ಮಲ್ಲಿ ಕುಂಬಳೆಯ ಆಫೀಸು, ಶಾಲೆ, ಬ್ಯಾಂಕು ಇವಕ್ಕೆ ಬರುವ ಹೊಸಬ್ರು ಇದ್ದೇ ಇರ್ತಾರೆ, ಅಲ್ಲಿ ಪ್ಯೂನಿಗೆ ಒಂದು ಚಾ ಕುಡಿಸಿ ನಂಬರ್ ಕೊಟ್ಟು ಬನ್ನಿ.

ಈಗ ಮುಖ್ಯ ವಿಷಯ, ಮೀಟರ್. ನೀವು ಬರೀಲಿಲ್ಲ, ಆದ್ರೆ ಬಿಹಾರಿಗಳಿಗೆ ತಲೆ ಲೆಕ್ಕದಲ್ಲಿ ಕೊಟ್ಟದ್ದು ಅಂದ್ರೆ ಆರೂ ಮನೆಗೆ ಒಂದೇ ಮೀಟರ್ ಇರ್ಬೇಕು, ಹೌದಾ? ಹೌದಾದ್ರೆ ನಿಮ್ಮ 3,800 ಅಗ್ಗ ಅಲ್ಲ. ಕೆಎಸ್‌ಇಬಿ, ಅಂದ್ರೆ ಕೇರಳದ ಕರೆಂಟ್ ಬೋರ್ಡಿನವ್ರದ್ದು ಲೆಕ್ಕ ಹೇಗೆ ಅಂದ್ರೆ, ಮನೆ ಕನೆಕ್ಷನಿಗೆ ತಿಂಗಳಿಗೆ 250 ಯೂನಿಟ್ ವರೆಗೆ ಸ್ಲ್ಯಾಬ್ ಸ್ಲ್ಯಾಬ್ ಆಗಿ ಹೋಗ್ತದೆ, ಮೊದಲಿನ ಯೂನಿಟಿಗೆ ಕಡಿಮೆ ರೇಟು ಸಿಗ್ತದೆ. 250 ದಾಟಿದ್ರೆ ಮುಗೀತು, ಮೊದಲನೇ ಯೂನಿಟಿನಿಂದಲೇ ಎಲ್ಲದಕ್ಕೂ ಒಂದೇ ದೊಡ್ಡ ರೇಟು. ಬಿಲ್ ಬರುದು ಎರಡು ತಿಂಗಳಿಗೊಮ್ಮೆ, ಅಂದ್ರೆ 500ರ ಗೆರೆ. ಒಂದು ಮನೆಗೆ ತಿಂಗಳಿಗೆ 70 ಯೂನಿಟ್ ಅಂತ ಹಿಡೀರಿ, ಒಬ್ಬ ಹುಡುಗ, ಫ್ಯಾನು, ಲೈಟು, ಇಂಡಕ್ಷನ್ ಸ್ವಲ್ಪ. ಬೇರೆ ಮೀಟರ್ ಇದ್ರೆ ಅವ ಕೆಳಗಿನ ಸ್ಲ್ಯಾಬಲ್ಲಿ ಆರಾಮ ಇರ್ತಾನೆ. ಆರು ಮನೆ ಒಂದೇ ಮೀಟರಲ್ಲಿ ಬಂದ್ರೆ 420, ಎಲ್ರೂ ಸೇರಿ ಮೇಲಿನ ರೇಟು. ಅವ ಕಡಿಮೆ ಖರ್ಚು ಮಾಡಿದ್ರೂ ದಂಡ ಕಟ್ಟಿದ ಹಾಗೆ. ಸಬ್ ಮೀಟರ್ ಹಾಕಿದ್ರೆ ಜಗಳ ಕಡಿಮೆ ಆಗ್ತದೆಯೇ ಹೊರತು ರೇಟು ಇಳಿಯುದಿಲ್ಲ. ಈಗಿನ ಮಕ್ಕಳು ರೂಮಿಗೆ ಕಾಲಿಟ್ಟ ಕೂಡ್ಲೇ ಮೊದ್ಲು ಮೇಲೆ ನೋಡುದು ಮೀಟರ್ ಬೋರ್ಡನ್ನು. ಸೆಕ್ಷನ್ ಆಫೀಸಿಗೆ ಹೋಗಿ ಪ್ರತ್ಯೇಕ ಕನೆಕ್ಷನ್ ಬಗ್ಗೆ ಕೇಳಿ, ಪಂಚಾಯತ್ ಡೋರ್ ನಂಬರ್ ಆರಕ್ಕೂ ಬೇರೆ ಬೇರೆ ಇದ್ರೆ ಕೆಲಸ ಸುಲಭ.

ನಾಯ್ಕಾಪು_ಅಡಿಕೆ

ಮೀಟರ್ ಒಂದೇ. ಹೇಗೆ ಗೊತ್ತಾಯ್ತು ನಿಮಗೆ ಹಹ. ಡೋರ್ ನಂಬರ್ ಮಾತ್ರ ಆರು ಉಂಟು, ಬಿಲ್ಡಿಂಗ್ ಟ್ಯಾಕ್ಸ್ ಆರಕ್ಕೂ ಕಟ್ತಿದ್ದೇನೆ.

ನರ್ಸ್ ತಂಗಿ, ಬೇಜಾರಿಲ್ಲ, ಸರಿಯಾಗಿಯೇ ಹೇಳಿದ್ರಿ. ಮನೆಯವಳಿಗೆ ಓದಿ ಹೇಳಿದೆ, ಅವಳು "ನಾನು ಕಟ್ಟುವಾಗ್ಲೇ ಹೇಳಿದ್ದೆ ಬಾತ್‌ರೂಮ್ ಒಳಗೆ ಹಾಕಿ ಅಂತ" ಅಂದ್ಳು. ಹೇಳಿದ್ದು ಹೌದು. ಆಗ ಪೈಪಿನ ಖರ್ಚು ಉಳೀತದೆ ಅಂತ ಮೇಸ್ತ್ರಿಯ ಮಾತು ಕೇಳಿದ್ದು ನಾನು.

ಆದ್ರೆ ಒಂದು ಹೆದರಿಕೆ ಉಂಟು. ಇಬ್ರು ಹುಡುಗ್ರಿಗೆ ಅಂತ ಕೊಟ್ರೆ ತಿಂಗಳು ಕಳಿಯುವಾಗ ಐದು ಜನ ಆಗ್ತಾರೆ, ರಾತ್ರಿ ಬೊಬ್ಬೆ, ಆಚೆ ಮನೆಯ ಅಣ್ಣ ಬಂದು ನನ್ನ ಹತ್ರ ದೂರು ಹೇಳ್ತಾರೆ. ನಾವೂ ಊರಲ್ಲಿ ಮುಖ ಎತ್ತಿ ನಡೀಬೇಕಲ್ಲ. ಅದಕ್ಕೆ ಎಂತ ಮಾಡ್ತೀರಿ ನೀವೆಲ್ಲ?

ಸತ್ಯ_ಹೇಳ್ತೇನೆ

ಬ್ಯಾಚುಲರ್ಸಿಗೆ ಕೊಡ್ಲೇಬೇಡಿ ಯಜಮಾನ್ರೆ. ನಂಗೆ ಅನುಭವ ಉಂಟು. ಖಾಲಿ ಇದ್ರೂ ಬಾಗಿಲು ಹಾಕಿ ಇಡಿ, ಮನೆ ಆದ್ರೂ ಉಳೀತದೆ.

ಪೆರ್ಲ_ನೈಟ್‌ಶಿಫ್ಟ್

ಬಾಗಿಲು ಹಾಕಿ ಇಟ್ಟ ಮನೆ ನಮ್ಮ ಮಳೆಗೆ ಎರಡು ವರ್ಷದಲ್ಲಿ ಏನಾಗ್ತದೆ ಅಂತ ನೋಡ್ಬೇಕಾ, ನಮ್ಮ ಅಜ್ಜನ ಮನೆಗೆ ಬನ್ನಿ. ಕಿಟಕಿಯಲ್ಲಿ ಆಲದ ಗಿಡ ಬಂದುಂಟು.

ಹೊಸೂರು_ಗೇಟ್

ಅಣ್ಣಾ ನಮಸ್ತೆ, ನಾನು ಹೊಸೂರಿನವ್ನು, ನಿಮ್ಮ ಕ್ವಾರ್ಟರ್ಸ್ ಅಂದ್ರೆ ನಮ್ಮ ಲೈನ್ ಮನೆ ಅಂತ ಅರ್ಥ ಮಾಡ್ಕೊಂಡೆ. ನಮ್ಮಪ್ಪ ಸಿಪ್‌ಕಾಟ್ ಇಂಡಸ್ಟ್ರಿಯಲ್ ಏರಿಯಾ ಹತ್ರ 10 ಮನೆ ಕಟ್ಟವ್ರೆ, ಈಗ ನೋಡ್ಕೊಳ್ಳೋದು ನಾನು. ಇಲ್ಲಿ ಎಲ್ಲಾ ಫ್ಯಾಕ್ಟರಿ ಹುಡುಗ್ರು ಹುಡುಗೀರೇ, ಐಟಿಐ ಡಿಪ್ಲೊಮಾ ಮುಗ್ಸಿ ಬರೋರು, ಹತ್ತೊಂಬತ್ತು ಇಪ್ಪತ್ತು ವರ್ಷ. ನಿಮ್ಮ ಭಯ ಎಲ್ಲಾ ನಮ್ಮಪ್ಪಂಗೂ ಇತ್ತು.

ನಾನು ಮಾಡಿದ್ದು ಏನಂದ್ರೆ, ತಲೆ ಲೆಕ್ಕ ಬಿಟ್ಟೆ. ತಲೆ ಲೆಕ್ಕ ಇಟ್ರೆ ಅವ್ರು ಕದ್ದು ಜನ ಸೇರಿಸ್ತಾರೆ, ನೀವು ಕದ್ದು ಎಣಿಸ್ಬೇಕು, ಇಬ್ರಿಗೂ ಮರ್ಯಾದೆ ಇಲ್ಲ. ಮನೆಗೆ ಇಷ್ಟು, ಇಬ್ರೇ ಇರಬೇಕು, ಮೂರನೆಯವ್ನು ನೆಂಟ ಅಂತ ಬಂದ್ರೆ ಮೂರು ದಿನ ಪರ್ವಾಗಿಲ್ಲ, ಇರ್ತಾನೆ ಅಂದ್ರೆ ಮೊದ್ಲೇ ಹೇಳ್ಬೇಕು, ಅಷ್ಟೇ. ಇದನ್ನ ಬಾಯಲ್ಲಿ ಹೇಳಿದ್ರೆ ಆಗಲ್ಲ, ಅಗ್ರಿಮೆಂಟಲ್ಲಿ ಬರೀಬೇಕು, ಅವ್ರ ಮುಂದೇನೇ ಓದ್ಬೇಕು. ಇಬ್ರ ಹೆಸ್ರೂ ಹಾಕ್ಬೇಕು, ಒಬ್ಬನ ಹೆಸ್ರಲ್ಲಿ ಮಾತ್ರ ಬರೆದ್ರೆ ಅವ್ನು ಬಿಟ್ಟು ಹೋದ್ಮೇಲೆ ಉಳಿದವ್ನು ನಂಗೇನೂ ಗೊತ್ತಿಲ್ಲ ಅಂತಾನೆ, ನಂಗೆ ಒಂದ್ಸಲ ಹಂಗೇ ಆಗಿ ಎರಡು ತಿಂಗಳ ಬಾಡಿಗೆ ಹೋಯ್ತು.

ಆಮೇಲೆ ಅಡ್ವಾನ್ಸು. ಬೆಂಗ್ಳೂರು ನೋಡ್ಕೊಂಡು ನಮ್ಮಲ್ಲೂ ಹತ್ತು ತಿಂಗಳ ಅಡ್ವಾನ್ಸ್ ಕೇಳೋ ಚಟ ಇತ್ತು. ತಮಿಳ್ನಾಡಲ್ಲಿ 2017ರ ಬಾಡಿಗೆ ಕಾನೂನು 2019ರಲ್ಲಿ ಜಾರಿ ಆದ್ಮೇಲೆ ಮೂರು ತಿಂಗಳ ಬಾಡಿಗೆ ಅಂತ ಐತೆ, ಅಗ್ರಿಮೆಂಟಲ್ಲಿ ಬೇರೆ ಒಪ್ಕೊಂಡ್ರೆ ಬೇರೆ ಮಾತು. ಅದು ನಿಮ್ಮ ಕೇರಳಕ್ಕೆ ಬರಲ್ಲ. ಆದ್ರೆ ಮೊದ್ಲ ಸಂಬಳ ಇನ್ನೂ ಕೈಗೆ ಬರದಿರೋ ಹುಡುಗನ ಹತ್ರ ಎಲ್ಲಿ ದುಡ್ಡು ಇರ್ತದೆ ಅಣ್ಣಾ? ನಾನು ಒಂದು ತಿಂಗಳ ಬಾಡಿಗೆ ಈಗ, ಇನ್ನೊಂದು ತಿಂಗಳದ್ದು ಸಂಬಳ ಬಂದ್ಮೇಲೆ ಎರಡು ಕಂತಲ್ಲಿ ತಗೋತೀನಿ. ಇದೊಂದಕ್ಕೇ ನಮ್ಮ ಪಕ್ಕದ ಲೈನ್ ಬಿಟ್ಟು ನಮ್ಮಲ್ಲಿಗೆ ಬರ್ತಾರೆ, ಅವ್ರದ್ದು ನಮ್ಮದಕ್ಕಿಂತ ಹೊಸ ಕಟ್ಟಡ.

ಮೀಟರ್ ವಿಷ್ಯ ಆ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಮ್ಮಲ್ಲಿ ಇನ್ನೂ ಜಾಸ್ತಿ, ಮನೆ ಕನೆಕ್ಷನ್‌ಗೆ ಎರಡು ತಿಂಗಳಿಗೆ 100 ಯೂನಿಟ್ ಫ್ರೀ, ಹತ್ತು ಮನೆ ಒಂದೇ ಮೀಟರಲ್ಲಿದ್ರೆ ಆ ನೂರು ಒಂದೇ ಸಲ. ಅದು ಗೊತ್ತಿದ್ದೂ ಯೂನಿಟ್‌ಗೆ ಇಷ್ಟು ಅಂತ ತಮ್ಮದೇ ರೇಟ್ ಹಾಕಿ ವಸೂಲಿ ಮಾಡೋ ಓನರ್‌ಗಳು ಇದಾರೆ ಇಲ್ಲಿ. ಹುಡುಗ್ರು ದಡ್ರಲ್ಲ, ಒಂದು ಬಿಲ್ ನೋಡ್ತಾರೆ, ಮುಂದಿನ ತಿಂಗಳು ಖಾಲಿ ಮಾಡ್ತಾರೆ.

ಗಲಾಟೆ ಬಗ್ಗೆ, ನಾನು ಮೊದ್ಲು ಒಂದು ಮನೇಲಿ ಸ್ವಲ್ಪ ದೊಡ್ಡವ್ನು, ಶಿಫ್ಟ್ ಸೂಪರ್‌ವೈಸರ್ ತರದವ್ನನ್ನ ಇಟ್ಟೆ, ಬಾಡಿಗೇಲಿ 500 ಬಿಟ್ಟೆ. ಮೋಟಾರ್ ಹಾಕೋದು, ಟ್ಯಾಂಕ್ ತುಂಬಿದ್ರೆ ಆಫ್ ಮಾಡೋದು, ಯಾರಾದ್ರೂ ಜೋರಾಗಿ ಪಾಟ್ಟು ಹಾಕಿದ್ರೆ ಹೋಗಿ ಹೇಳೋದು ಎಲ್ಲಾ ಅವ್ನೇ. ಓನರ್ ಹೇಳಿದ್ರೆ ಜಗಳ ಆಗ್ತದೆ, ಪಕ್ಕದ ಮನೆ ಅಣ್ಣ ಹೇಳಿದ್ರೆ ಕೇಳ್ತಾರೆ.

ವಿದ್ಯಾನಗರ_ಮೂರು_ಮನೆ

ಹೊಸೂರಿನವ್ರ ಐಡಿಯ ಒಳ್ಳೇದುಂಟು. ಇಲ್ಲಿಯದ್ದು ಎರಡು ಮಾತು ಸೇರಿಸ್ತೇನೆ. ಅಗ್ರಿಮೆಂಟ್ 11 ತಿಂಗಳಿಗೆ ಮಾಡಿ, ಒಂದು ವರ್ಷ ದಾಟಿದ ಲೀಸ್ ಆದ್ರೆ ರಿಜಿಸ್ಟರ್ ಮಾಡ್ಬೇಕು, ಅದಕ್ಕೇ ಎಲ್ರೂ 11 ಹಾಕುದು. ಆಧಾರ್ ಕಾಪಿ ತೆಗೊಂಡು ಠಾಣೆಯಲ್ಲಿ ಒಂದು ಲಿಸ್ಟ್ ಕೊಟ್ಟು ಬನ್ನಿ, ಮಕ್ಕಳಿಗೂ ಹೇಳಿಯೇ ಕೊಡಿ, ಯಾರೂ ಬೇಡ ಅನ್ನುದಿಲ್ಲ.

ಮತ್ತೆ ಕಸ. ಪ್ರಾಯದ ಮಕ್ಕಳು ಅಂದ್ರೆ ಪಾರ್ಸೆಲ್ ಡಬ್ಬ, ಕವರ್, ಬಾಟ್ಲಿ. ಮನೆ ಮನೆಯಿಂದ ಪ್ಲಾಸ್ಟಿಕ್ ಕಸ ತೆಗೊಂಡು ಹೋಗುವ ಹರಿತ ಕರ್ಮ ಸೇನೆಯ ಅಕ್ಕಂದಿರು ತಿಂಗಳಿಗೊಮ್ಮೆ ಬರ್ತಾರೆ, ಆದ್ರೆ ಇವ್ರೆಲ್ಲ ಹಗಲು ಡ್ಯೂಟಿಗೆ ಹೋಗಿರ್ತಾರೆ, ಬಾಗಿಲು ಹಾಕಿದೆ ಅಂತ ಅವ್ರು ವಾಪಸ್ ಹೋಗ್ತಾರೆ. ಯೂಸರ್ ಫೀ ಮನೆಗೆ 50 ರೂಪಾಯಿ ನೀವೇ ಕಟ್ಟಿ ಬಾಡಿಗೆಯಲ್ಲಿ ಸೇರಿಸಿ, ಗೇಟಿನ ಒಳಗೆ ಎರಡು ಗೋಣಿ ನೇತುಹಾಕಿ, ತೊಳೆದು ಒಣಗಿಸಿದ ಪ್ಲಾಸ್ಟಿಕ್ ಅದ್ರಲ್ಲಿ ಹಾಕ್ಲಿಕ್ಕೆ ಹೇಳಿ. ಇಲ್ಲಾಂದ್ರೆ ಎಲ್ಲ ಬಂದು ಬೀಳುದು ನಿಮ್ಮ ತೋಟದ ನೀರಿನ ಕಣಿಗೆ. ನಂಗೆ ಬಿದ್ದುಂಟು.

ಪೆರಿಯ_ಬಸ್

ಲೇಟಾಗಿ ಬಂದೆ. ನಾನು ಪೆರಿಯದಲ್ಲಿ ರಿಸರ್ಚ್ ಮಾಡ್ತಿದ್ದೇನೆ, ಊರು ಮುಳ್ಳೇರಿಯ, ಹಾಸ್ಟೆಲ್ ಬಿಟ್ಟು ಹೊರಗೆ ರೂಮಲ್ಲಿ ಇರುದು. ಇಷ್ಟು ಮಾತಾಯ್ತು, ಯಾರೂ ಕೇಳ್ಲಿಲ್ಲ, ಮಾವ ನಿಮ್ಮ ಮನೆ ಖಾಲಿ ಉಂಟು ಅಂತ ಹೊರಗಿನವ್ರಿಗೆ ಗೊತ್ತಾಗುದು ಹೇಗೆ? ಗೇಟಿಗೆ ಬೋರ್ಡ್ ಹಾಕಿರ್ತೀರಿ, ಅದೂ ಕನ್ನಡದಲ್ಲಿ "ಬಾಡಿಗೆಗೆ ಉಂಟು" ಅಂತ. ಕೊಲ್ಲಂನ ಹುಡುಗ ಅದನ್ನು ಜಿಲೇಬಿ ಅಂಗಡಿ ಅಂತ ತಿಳ್ಕೊಂಡು ಹೋಗ್ತಾನೆ.

ನಮ್ಮ ಪಾಡು ಗೊತ್ತುಂಟಲ್ಲ, ನಾವು ಕನ್ನಡ ಮೀಡಿಯಂನವ್ರು, ಮಲಯಾಳ ನೀರು ಕುಡಿದ ಹಾಗೆ ಮಾತಾಡ್ತೇವೆ, ಬರೀಲಿಕ್ಕೆ ಕೂತ್ರೆ ಬೆರಳು ಓಡುದಿಲ್ಲ. ನಂಗೆ ಪಿಎಸ್‌ಸಿ ಬರೀಲಿಕ್ಕೆ ಹೋಗಿ ಕಲ್ತದ್ದು ಸ್ವಲ್ಪ. ನಿಮಗೆ ಬೇಕಾದ್ರೆ ಮಲಯಾಳದಲ್ಲಿ ನಾನು ಬರ್ದು ಕೊಡ್ತೇನೆ, ಇಂಗ್ಲಿಷಲ್ಲೂ ನಾಲ್ಕು ಲೈನ್. ವಾಟ್ಸಾಪ್ ಸ್ಟೇಟಸಿಗೆ ಹಾಕಿದ್ರೆ ನಮ್ಮ ನೆಂಟ್ರು ಮಾತ್ರ ನೋಡುದು, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸಲ್ಲಿ ಹಾಕಿ, ಓಎಲ್‌ಎಕ್ಸಲ್ಲಿ ಹಾಕಿ, ಎಲ್ಲಕ್ಕಿಂತ ಜಾಸ್ತಿ ಮ್ಯಾಪಲ್ಲಿ ಪಿನ್ ಹಾಕಿ. ಪ್ರಾಯದವ್ರು ಅಡ್ರೆಸ್ ಕೇಳುದಿಲ್ಲ, ಲೊಕೇಶನ್ ಕೇಳುದು.

ಫೋಟೋ ತೆಗಿಯುವಾಗ ಮಾತ್ರ ದಯವಿಟ್ಟು ಹೊರಗಿಂದ ಉದ್ದಕ್ಕೆ ಒಂದು ಗೋಡೆಯ ಫೋಟೋ ಹಾಕ್ಬೇಡಿ, ಅದು ನೋಡ್ಲಿಕ್ಕೆ ಶಾಲೆಯ ಹಾಗೆ ಕಾಣ್ತದೆ. ಬೆಳಿಗ್ಗೆ ಕಿಟಕಿ ತೆಗ್ದು ಬೆಳಕಿರುವಾಗ ಒಳಗಿನದ್ದು ಎರಡು, ಬಾತ್‌ರೂಮಿನದ್ದು ಒಂದು, ಮೀಟರ್ ಬೋರ್ಡಿನದ್ದು ಒಂದು, ತುಂಬಿದ ಬಾವಿಯದ್ದು ಒಂದು. ಬಾವಿಯ ಫೋಟೋ ಬಿಡ್ಲೇಬೇಡಿ. ನಮ್ಮ ರೂಮಲ್ಲಿ ಏಪ್ರಿಲ್ ಬಂದ್ರೆ ಟ್ಯಾಂಕರ್, ಟ್ಯಾಂಕರಿನ ದುಡ್ಡು ನಾವೇ ಹಂಚಿ ಕೊಡುದು, ಅಷ್ಟರಲ್ಲಿ ಅಗ್ಗದ ಬಾಡಿಗೆಯ ಲಾಭ ಎಲ್ಲ ಮಣ್ಣು. ಮೇ ತಿಂಗಳಲ್ಲಿ ನೀರುಂಟು ಅಂತ ನೀವು ಹೆಮ್ಮೆ ಅಂದ್ರಿ, ಆದ್ರೆ ನೋಡ್ಲಿಕ್ಕೆ ಬಂದವ್ರಿಗೆ ಒಮ್ಮೆಯಾದ್ರೂ ಹೇಳಿದ್ದೀರಾ?

ನೆಟ್ ಸಹ ನೋಡಿ. ಕೇರಳ ವಿಷನ್‌ನವ್ರ ಕೇಬಲ್ ನಿಮ್ಮ ರೋಡಲ್ಲಿ ಹೋಗಿದ್ರೆ ಒಂದು ಕನೆಕ್ಷನ್ ತೆಗೊಂಡು ಆರೂ ಮನೆಗೆ ಹಂಚುದು ಬೇಡ, ಒಬ್ಬ ಸಿನೆಮಾ ಇಳಿಸಿದ್ರೆ ಇನ್ನೊಬ್ಬನ ಮೀಟಿಂಗ್ ನಿಲ್ತದೆ, ಜಗಳ ಬರುದು ನಿಮ್ಮ ಹತ್ರ. ಪ್ರತಿ ಮನೆಗೆ ವಯರ್ ಎಳೆದು ಬಿಡಿ, ಬೇಕಾದವ್ರು ಹಾಕಿಸ್ಕೊಳ್ತಾರೆ. ಗ್ಯಾಸಿಗೂ ಅಷ್ಟೇ, ಅಡ್ರೆಸ್ ಪ್ರೂಫ್ ಇಲ್ಲದೆ 5 ಕೆ.ಜಿ.ಯ ಚಿಕ್ಕ ಸಿಲಿಂಡರ್ ಸಿಗ್ತದೆ, ಐಡಿ ಒಂದು ಸಾಕು, ಎಲ್ಲಿ ಸಿಗ್ತದೆ ಅಂತ ಹೇಳಿದ್ರೆ ಆಯ್ತು. ಹೊಸ ಊರಿಗೆ ಬಂದವನಿಗೆ ಇಂಥದ್ದು ಹೇಳಿ ಕೊಡುವವ್ರೇ ಇರುದಿಲ್ಲ ಮಾವ, ನಂಗೆ ಪೆರಿಯಕ್ಕೆ ಬಂದ ಮೊದಲ ವಾರ ಓನರಿನ ಅಮ್ಮ ಒಂದು ದಿನ ಗಂಜಿ ಚಟ್ನಿ ಕೊಟ್ಟದ್ದು, ಇವತ್ತಿಗೂ ಆ ಟ್ಯಾಂಕರ್ ರಗಳೆ ಸಹಿಸಿ ಅಲ್ಲೇ ಕೂತದ್ದು ಅದಕ್ಕೇ ಇರ್ಬೇಕು.

ನಾಯ್ಕಾಪು_ಅಡಿಕೆ

ಎರಡು ತಿಂಗಳು ಕಳೆದು ಬರೀತಿದ್ದೇನೆ, ಕೆಲವ್ರು ಮೆಸೇಜ್ ಮಾಡಿ ಕೇಳಿದ್ರು ಎಂತಾಯ್ತು ಅಂತ.

ಮೊದ್ಲು ಬಾತ್‌ರೂಮಿಂದ ಶುರು ಮಾಡಿದೆ. ಆರಕ್ಕೂ ಮಾಡಿಸುವ ಕೆಪಾಸಿಟಿ ಇಲ್ಲ, ಎರಡು ಮನೆಗೆ ಮಾಡಿಸಿದೆ. ಹಿಂದಿನ ಬಾಗಿಲಿಂದ ಬಾತ್‌ರೂಮ್ ವರೆಗೆ ಆ ನಾಲ್ಕು ಹೆಜ್ಜೆಗೆ ಎರಡೂ ಕಡೆ ಸಿಮೆಂಟ್ ಬ್ಲಾಕ್ ಏರಿಸಿ, ಮೇಲೆ ಶೀಟ್, ಎದುರು ಗ್ರಿಲ್. ಒಂದು ಮನೆಗೆ 14 ಸಾವಿರದ ಹತ್ರ ಬಂತು. ಈಗ ಅದು ಮನೆಯ ಒಳಗೇ ಆದ ಹಾಗೆ. ಗ್ರಿಲ್ಲಿಂದ ಗಾಳಿ ಬರ್ತದೆ, ಅಲ್ಲೇ ಎರಡು ಸರಿಗೆ ಎಳೆದೆ, ಬಟ್ಟೆಯೂ ಒಣಗ್ತದೆ, ಟೆರೇಸಿಗೆ ಶೀಟ್ ಬೇರೆ ಬೇಡ ಆಯ್ತು. ತಂಗಿಯ ಒಂದು ಮಾತಿಗೆ ಎರಡು ಕೆಲಸ ಆಯ್ತು. ಪ್ಲಗ್ ಪಾಯಿಂಟ್ ಮಂಚ ಇಡುವ ಜಾಗದ ಹತ್ರ ಎರಡೆರಡು ಇಳಿಸಿದೆ. ಗೇಟಿನ ಹತ್ರ ಒಂದು ಸೋಲಾರ್ ಲೈಟ್. ಹೈವೇ ಆದ ಮೇಲೆ ಮಂಗಳೂರಿಂದ ಬರುವ ಬಸ್ಸು ಸರ್ವಿಸ್ ರೋಡಲ್ಲಿ ನಿಲ್ಲಿಸ್ತದೆ, ಅಲ್ಲಿಂದ ನಡೆದು ಬಂದು ನಮ್ಮ ರೋಡ್ ಹತ್ತುವಷ್ಟರಲ್ಲಿ ಕತ್ತಲೆ, ನಾನು ಕಾರಲ್ಲೇ ಓಡಾಡುದ್ರಿಂದ ಇದು ಗೊತ್ತೇ ಇರ್ಲಿಲ್ಲ, ಒಂದು ದಿನ ನಡೆದು ನೋಡಿದೆ.

ಆಮೇಲೆ ಬಾಡಿಗೆ ಇಳಿಸ್ಲಿಲ್ಲ, ಏರಿಸಿದೆ. ಆ ಎರಡು ಮನೆಗೆ 4,800, ಕಸದ ದುಡ್ಡು ಸೇರಿ. ಪೆರಿಯದ ಅಳಿಯ ಮಲಯಾಳದಲ್ಲಿ ಬರ್ದು ಕೊಟ್ಟದ್ದನ್ನೇ ಹಾಕಿದ್ದು, ಬಾವಿಯ ಫೋಟೋ ಸಮೇತ. ಒಂದ್ರಲ್ಲಿ ಈಗ ಪಾಲಕ್ಕಾಡಿನ ಹುಡುಗ, ವಿಲೇಜ್ ಆಫೀಸಲ್ಲಿ ಕೆಲಸ, ಶನಿವಾರ ಬ್ಯಾಗ್ ಹಾಕ್ಕೊಂಡು ಓಡ್ತಾನೆ ವಿದ್ಯಾನಗರದವ್ರು ಹೇಳಿದ ಹಾಗೆಯೇ. ಮೋಟಾರ್ ಹಾಕುವ ಕೆಲಸ ಅವನಿಗೆ ಕೊಡುವ ಅಂತ ಇದ್ದೆ, ವಾರದ ಕೊನೆಗೆ ಅವನೇ ಇರುದಿಲ್ಲ, ಹಾಗಾಗಿ ಮೊದ್ಲಿಂದ ಇದ್ದ ಬಂಗಾಲದ ಟೈಲ್ಸ್ ಕೆಲಸದವನಿಗೆ ಕೊಟ್ಟೆ, 400 ಬಾಡಿಗೆಯಲ್ಲಿ ಕಳೆದೆ. ಅವನ ಬಾತ್‌ರೂಮಿಗೂ ಶೀಟ್ ಹಾಕ್ಬೇಕು, ಕೇಳ್ಲಿಲ್ಲ ಅವ, ಆದ್ರೆ ಇನ್ನು ಕೇಳುವ ವರೆಗೆ ಕಾಯುದು ಸರಿ ಕಾಣುದಿಲ್ಲ.

ಇನ್ನೊಂದ್ರಲ್ಲಿ ಇಬ್ರು ಹುಡುಗಿಯರು, ಮಂಗಳೂರಲ್ಲಿ ಲ್ಯಾಬ್ ಕೆಲಸ. ಗೇಟಿನ ಕೀ ಕೊಟ್ಟೆ. ಮೊದ್ಲ ದಿನ ರಾತ್ರಿ ಒಂಬತ್ತೂವರೆಗೆ ಗೇಟಿನ ಸದ್ದಾದಾಗ ಮನೆಯವಳು ಎದ್ದು ಕಿಟಕಿಗೆ ಹೋದ್ಳು, ನಾನು ಸುಮ್ನೆ ಕೂತ್ಕೊ ಅಂದೆ. ಈಗ ಅವಳೇ ಅವ್ರಿಗೆ ಹಲಸಿನ ಹಪ್ಪಳ ಕೊಟ್ಟು ಬರ್ತಾಳೆ, ಯಾವ ಜನ ಅಂತ ಇನ್ನೂ ಕೇಳ್ಲಿಲ್ಲ, ಕೇಳದೆ ಇರ್ಲಿಕ್ಕೆ ಎಷ್ಟು ಕಷ್ಟ ಪಡ್ತಿದ್ದಾಳೆ ಅಂತ ನಂಗೆ ಮಾತ್ರ ಗೊತ್ತು.

ಇನ್ನೆರಡು ಖಾಲಿಯೇ ಉಂಟು. ಅದು ಹಳೇ ರೂಪದಲ್ಲೇ ಉಂಟು, ನೋಡಿದವ್ರು ಈಗಲೂ ನಾಳೆ ಹೇಳ್ತೇವೆ ಅಂತಲೇ ಹೋಗುದು. ಅಡಿಕೆ ಮಾರಿದ ಮೇಲೆ ಅದಕ್ಕೆ ಕೈ ಹಾಕ್ಬೇಕು. ಮೀಟರಿಗೆ ಅರ್ಜಿ ಕೊಟ್ಟುಂಟು, ಎಸ್ಟಿಮೇಟ್ ನೋಡ್ಲಿಕ್ಕೆ ಗುರುವಾರ ಬರ್ತಾರಂತೆ. ಅಲ್ಲಿ ವರೆಗೆ ಸಬ್ ಮೀಟರ್ ಹಾಕಿ, ಕೆಎಸ್‌ಇಬಿ ಬಿಲ್ಲನ್ನೇ ಗೋಡೆಗೆ ಅಂಟಿಸಿ, ಅದೇ ರೇಟಲ್ಲಿ ಭಾಗ ಮಾಡಿ ತೆಗೊಳ್ತಿದ್ದೇನೆ. ಪಾಲಕ್ಕಾಡಿನವ ಮೊಬೈಲಲ್ಲಿ ಲೆಕ್ಕ ಹಾಕಿ ನೋಡಿ "ಅಂಕಲ್ 11 ರೂಪಾಯಿ ಜಾಸ್ತಿ ಹಾಕಿದ್ದೀರಿ" ಅಂದ. ಹೌದು, ಕೂಡಿಸುವಾಗ ತಪ್ಪಿತ್ತು. ವಾಪಸ್ ಕೊಟ್ಟೆ.